ನಿಂತ ಮೇಲೆ ತೂಗು

ಕಪನೂರಿನ ಈ ತೂಕದ ಕಟ್ಟೆಗೆ ಒಂದೇ ಕಟ್ಟಳೆ,
ಗೋಡೆಯ ಮೇಲೆ ನಾನೇ ಬರೆದದ್ದು:
ಗಾಡಿ ಪೂರಾ ನಿಂತ ಮೇಲೆಯೇ ತೂಗಲಾಗುವುದು.
ಜಾಗ ಸಾಲದೆ ಕೊನೆಯ 'ದು'
ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಂತಿದೆ.

ಡಿಸೆಂಬರ್. ತೊಗರಿ ಬರುವ ತಿಂಗಳು.
ರಾತ್ರಿ ಎರಡು ಗಂಟೆ, ದಾಲ್ ಮಿಲ್ಲಿನ ಪಟ್ಟಾ ಸುಮ್ಮನಾಗಿ
ನಾನು, ಕೆಂಪು ಅಂಕಿ, ಫ್ಲಾಸ್ಕಿನ ತಳದ ಚಹಾ.
ಆಳಂದದ ಮಾಲು ಹೇರಿಕೊಂಡು ಚಾಂದಪಾಷಾ ಬಂದ.
ಅವನಿಗಿಂತ ಮುಂಚೆ ವಾಸನೆ ಬಂತು,
ಸುಟ್ಟ ಬ್ರೇಕ್ ಲೈನರಿನದು.

'ರಿಂಗ್ ರೋಡಿನಾಗ ಬ್ಯಾಂಡಿನವ ಅಡ್ಡ ಬಂದ್ನೋ ಮಾರಾಯ,
ಶಾದಿ ಮುಗಿಸಿ, ಸೈಕಲ್ ಮ್ಯಾಲ, ಬೆನ್ನಿಗೆ ಡೋಲು.
ಅರವತ್ತರಾಗಿದ್ದೆ. ಒತ್ತಿದೆ.
ಹಾಂ, ಉಳದಾನ. ಬೈದು ಹೋದ.'
ಗ್ಲಾಸು ಹಿಡಿದ ಅವನ ಕೈ
ಇನ್ನೂ ಅರವತ್ತರಲ್ಲೇ ಇತ್ತು.

ಕ್ಲೀನರ್ ಸಾಯಬಣ್ಣ, ಮೀಸೆ ಮೂಡದ ಹುಡುಗ,
ಹಿಂದಿನ ಗಾಲಿಯ ಹತ್ತಿರ ಕುಂತು
ಕಾದ ಡ್ರಮ್ಮಿಗೆ ಅಂಗೈ ಒಡ್ಡಿದ್ದ,
ಕುಂಪಟಿಗೆ ಒಡ್ಡಿದ ಹಾಗೆ.
ಆ ಅರವತ್ತು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ,
ಅವನ ಕೈಗೆ ಗೊತ್ತಿತ್ತು.

ಅಷ್ಟರಲ್ಲಿ ಶಹಾಬಾದ್ ದಿಕ್ಕಿನ ಆಕಾಶದಲ್ಲಿ
ಗೀಚಿತು.
ನೋಡು ಅನ್ನುವಷ್ಟರಲ್ಲಿ ನೋಡಿದ್ದು ಮುಗಿದಿತ್ತು.
'ಅಣ್ಣಾ, ಅದರ ತೂಕ ಎಷ್ಟಿದ್ದೀತು?'

ಬಿಎಸ್ಸಿ ಎರಡನೇ ವರ್ಷಕ್ಕೆ ಬಿಟ್ಟವನು ನಾನು.
ಖೇಮಸಿಂಗ್ ಸರ್ ಬೋರ್ಡಿನ ಮೇಲೆ ಬರೆದು
ಚಾಕ್ ಮುರಿಯುವ ಹಾಗೆ ಗೆರೆ ಎಳೆದದ್ದು
ಇದೊಂದೇ ನೆನಪಿದೆ:
ರಾಶಿಯ ಅರ್ಧ, ವೇಗದ ವರ್ಗ.
'ವರ್ಗ ಮರೀಬ್ಯಾಡ್ರಿ,' ಅಂತಿದ್ದರು,
'ಅರ್ಧ ಮರೆತರ ಅರ್ಧ ಮಾರ್ಕ್ಸ್ ಹೋಗ್ತಾವ,
ವರ್ಗ ಮರೆತರ ಜೀವ.'

ತೂಕದ ಚೀಟಿ ತಿರುವಿ ಲೆಕ್ಕ ಹಾಕಿದೆ.
ಒಂದು ತೊಗರಿ ಕಾಳಿನಷ್ಟು ಕಲ್ಲು, ಗ್ರಾಮಿನ ಹತ್ತನೇ ಪಾಲು.
ಸೆಕೆಂಡಿಗೆ ಮೂವತ್ತೈದು ಕಿಲೋಮೀಟರ್:
ಇಲ್ಲಿಂದ ಶಹಾಬಾದಿಗೆ ಒಂದು ಕೆಮ್ಮು,
ಬಸ್ಸಿಗಾದರೆ ಒಂದು ತಾಸು, ನಡುವೆ ಒಂದು ಜಗಳ.
ವರ್ಗ ಮಾಡಿದೆ. ಸೊನ್ನೆಗಳು ಚೀಟಿ ದಾಟಿ
ಮೇಜಿನ ಮೇಲೆ ಹರಿದವು.
ಕೊನೆಗೆ ಉಳಿದದ್ದು ಇಷ್ಟು:
ಆ ಒಂದು ಕಾಳು,
ಹದಿನಾರು ಟನ್ನಿನ ಚಾಂದಪಾಷಾನ ಲಾರಿ
ಈ ಕಟ್ಟೆ ಏರುವಾಗಿನ ಸಾವಕಾಶ ಹತ್ತರ ವೇಗ.
ಎರಡೂ ಸಮ.

ಎರಡು ಸಲ ತಾಳೆ ನೋಡಿದೆ.
ಹಾಗಾದರೆ ಅವನ ಅರವತ್ತು? ಆರು ಪಟ್ಟು ವೇಗ, ಮೂವತ್ತಾರು ಕಾಳು.
ಬ್ಯಾಂಡಿನವನನ್ನು ಬಿಟ್ಟು ಹೊರಳಿ ಹೋದದ್ದು
ಅಂಗೈಯ ಕುಳಿಯೂ ತುಂಬದಷ್ಟು ತೊಗರಿ.

ಗಾಳಿ ಅದನ್ನು ನಿಲ್ಲಿಸಿತು ಅಂದೆ ಸಾಯಬಣ್ಣನಿಗೆ,
ಅದೂ ಬ್ರೇಕೇ, ಬೆಳಕು ಅಂದರೆ ಸುಟ್ಟ ಲೈನರ್.
ಅವನು ಮೂಗೆತ್ತಿ ಆಕಾಶ ಮೂಸಿದ.
'ಮತ್ತ ಅದು ನಮ್ಮ ಮ್ಯಾಲ ಬಂತೋ,
ನಾವು ಹೋಗಿ ಬಡದ್ವೋ?'
ಉತ್ತರ ಹೊಳೆಯಲಿಲ್ಲ. ಭೂಮಿಯೂ ಓಡುತ್ತದೆ, ಹೌದು,
ಸೆಕೆಂಡಿಗೆ ಮೂವತ್ತು,
ಈ ಕಟ್ಟೆ, ಈ ಗೋಡೆ,
ಮೂಲೆಯ ಆ ಸಣ್ಣ 'ದು' ಎಲ್ಲ ಹೊತ್ತು.
ಪೂರಾ ನಿಂತ ಗಾಡಿಯನ್ನು
ನಾನು ಇವತ್ತಿನವರೆಗೆ ತೂಗಿಯೇ ಇಲ್ಲ.

ಗುಂಡಿ ಒತ್ತಿದೆ. ಕೆಂಪು ಅಂಕಿ ನಡುಗಿ ನಿಂತಿತು.
ಚೀಟಿಯ ಹಿಂಬದಿ ನೋಡಿ ಚಾಂದಪಾಷಾ
'ಇದೇನು ಉಧಾರಿ ಲೆಕ್ಕಾ?' ಅಂದ.
ಓದಿ ಹೇಳಿದೆ. ಅವನು ನಗಲಿಲ್ಲ.
ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಬೆಳಗ್ಗೆ ಕಸ ಹೊಡೆಯುವ ದುರುಗವ್ವ
ಕಟ್ಟೆಯ ಸಂದಿಯಲ್ಲಿ ಉದುರಿದ್ದನ್ನು ಬಳಿದು
ಮೊರಕ್ಕೆ ಹಾಕಿ ಕೇರಿದಳು.
ಗೇಣೆತ್ತರ ಹಾರಿ
ಗೇಣೆತ್ತರ ಬಿದ್ದವು ಕಾಳು,
ದೂಳು ಮಾತ್ರ ರಸ್ತೆಯ ಕಡೆ ಹೋಯಿತು.